ಪುಣೆಯ ಬೇಸಿಗೆಯಲ್ಲಿ ಹಿಮದ ಓಟಕ್ಕೆ ತಯಾರಿ

ಗುಲ್ಮಾರ್ಗ್ ಇರಲಿ, ಔಲಿ ಇರಲಿ, ನಮ್ಮ ದೇಶದಲ್ಲಿ ಕ್ರಾಸ್-ಕಂಟ್ರಿ ಸ್ಕೀ (ಹಿಮದ ಮೇಲೆ ಕೋಲೂರಿಕೊಂಡು ದೂರ ಓಡುವ) ಸ್ಪರ್ಧೆಗಳು ನಡೆಯುವುದು ಚಳಿಗಾಲದ ಎರಡು ಮೂರು ತಿಂಗಳಲ್ಲಿ. ಸ್ಕೀ ಓಟಗಾರರ ತರಬೇತಿಯ ವರ್ಷ ಮಾತ್ರ ಮೇ 1ಕ್ಕೇ ಶುರುವಾಗುತ್ತದೆ. ಆ ಹೊತ್ತಿಗೆ ಪುಣೆಯಲ್ಲಿ 38–40 ಡಿಗ್ರಿ ಬಿಸಿಲು. ಇಲ್ಲಿದ್ದುಕೊಂಡು ಹಿಮದ ಮೇಲಿನ ಜಾರುವಿಕೆ ಕಲಿಯಲಾಗದು, ನಿಜ. ಆದರೆ ಓಟಕ್ಕೆ ಬೇಕಾದ ದಮ್ಮು, ತೋಳು, ಹೊಟ್ಟೆಯ ಬಲ, ಒಂಟಿಕಾಲಿನ ಸಮತೋಲ ಇಷ್ಟನ್ನೂ ಇಲ್ಲೇ ಕಟ್ಟಿಕೊಳ್ಳಬಹುದು. ಕೊಡಗಿನಲ್ಲೂ ಹಿಮ ಬೀಳುವುದಿಲ್ಲ. ಅಲ್ಲಿಂದ ಬಂದ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು.

ನಿಧಾನದ ಗಂಟೆಗಳು

ವಿಶ್ವಮಟ್ಟದ ಓಟಗಾರರು ವರ್ಷಕ್ಕೆ 700ರಿಂದ 950 ಗಂಟೆ ತರಬೇತಿ ಮಾಡುತ್ತಾರೆ. ನೌಕರಿ ಮಾಡಿಕೊಂಡು ಸ್ಪರ್ಧೆಗೆ ಇಳಿಯುವವರಿಗೆ 300–400 ಗಂಟೆ ಸಾಕು. ಮೇ ತಿಂಗಳಲ್ಲಿ ವಾರಕ್ಕೆ ಆರು ಗಂಟೆಯಿಂದ ಆರಂಭಿಸಿ, ಸೆಪ್ಟೆಂಬರ್ ಹೊತ್ತಿಗೆ ಒಂಬತ್ತು ಹತ್ತಕ್ಕೆ ಏರಿಸಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಲೇಬೇಕು.

ಈ ಗಂಟೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಹಗುರ ವೇಗದ್ದು, ಅಂದರೆ ಗರಿಷ್ಠ ಹೃದಯಬಡಿತದ 60–72 ಶೇಕಡಾ ಒಳಗೆ. ಗರಿಷ್ಠ 190 ಇದ್ದವರಿಗೆ ಇದು 114ರಿಂದ 137. ಪುಣೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸೆಕೆಯಲ್ಲಿ ರಕ್ತ ಚರ್ಮದ ಕಡೆಗೂ ಹರಿಯಬೇಕು, ಬೆವರಿನಿಂದ ರಕ್ತದ ನೀರೂ ಇಳಿಯುತ್ತದೆ. ಹಾಗಾಗಿ ಅದೇ ವೇಗದಲ್ಲಿ ಓಡಿದರೂ ಬಡಿತ ನಿಮಿಷ ನಿಮಿಷಕ್ಕೆ ಮೇಲೇರುತ್ತದೆ. ವೇಗ ನೋಡಿ ಓಡಿದರೆ ಹಗುರದ ದಿನ ಗೊತ್ತಿಲ್ಲದಂತೆ ಮಧ್ಯಮದ ದಿನವಾಗಿ, ಮುಂದಿನ ಕಠಿಣ ಓಟಕ್ಕೆ ಕಾಲೇ ಉಳಿಯುವುದಿಲ್ಲ. ಬಡಿತ ನೋಡಿ. 137 ದಾಟಿದರೆ ನಡೆಯಿರಿ. ಟೇಕಡಿಯ (ಗುಡ್ಡದ) ಮೇಲೆ ವಾಕಿಂಗ್ ಬಂದ ಅಜ್ಜ ನಿಮ್ಮನ್ನು ಹಿಂದೆ ಹಾಕಿದರೂ ಬೇಸರ ಬೇಡ.

ಬೆಳಗ್ಗೆ ಐದೂವರೆಗೆ ಹೊರಟು ಏಳೂವರೆಗೆ ಮುಗಿಸಿ. ಹೊರಡುವ ಮುಂಚೆ ಮತ್ತು ಬಂದ ಮೇಲೆ ಒದ್ದೆ ಬಟ್ಟೆ ಬಿಚ್ಚಿ ತೂಕ ನೋಡಿಕೊಳ್ಳಿ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಮುಂದಿನ ಎರಡು ಮೂರು ಗಂಟೆಯಲ್ಲಿ ಅದರ ಒಂದೂಕಾಲು, ಒಂದೂವರೆ ಪಟ್ಟು ಕುಡಿಯಿರಿ. ಬರೀ ನೀರಲ್ಲ, ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಾಂಸ ತಿನ್ನದವರು, ವಿಶೇಷವಾಗಿ ಹೆಣ್ಣುಮಕ್ಕಳು, ಮೇ ತಿಂಗಳಲ್ಲೇ ಒಮ್ಮೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ರೋಲರ್ ಸ್ಕೀ: ಏನು ಕೊಳ್ಳಬೇಕು, ಎಲ್ಲಿ ಓಡಿಸಬೇಕು

ರೋಲರ್ ಸ್ಕೀ ಎಂದರೆ ರಸ್ತೆಯ ಮೇಲೆ ಓಡಿಸುವ, ಚಕ್ರವಿರುವ ಗಿಡ್ಡ ಸ್ಕೀ. ಕಾಲನ್ನು ಓರೆಯಾಗಿ ಹೊರಗೆ ತಳ್ಳುತ್ತ ಸಾಗುವ ಸ್ಕೇಟಿಂಗ್ ಶೈಲಿಯದಕ್ಕೆ ಸುಮಾರು 100 ಮಿ.ಮೀ. ವ್ಯಾಸದ ಕಿರಿದಾದ ಚಕ್ರ. ಎರಡೂ ಕಾಲನ್ನು ನೇರ ಮುಂದಕ್ಕೆ ಇಟ್ಟು ಸಾಗುವ ಕ್ಲಾಸಿಕ್ ಶೈಲಿಯದಕ್ಕೆ ಚಿಕ್ಕದಾದ, ಅಗಲವಾದ ಚಕ್ರ, ಅದರಲ್ಲಿ ಒಂದು ಹಿಂದಕ್ಕೆ ತಿರುಗದಂತೆ ರ‍್ಯಾಚೆಟ್. ಒಂದೇ ಜೊತೆ ಕೊಳ್ಳುವುದಾದರೆ ಕ್ಲಾಸಿಕ್ ಕೊಳ್ಳಿ. ಸ್ಕೇಟಿಂಗ್‌ಗೆ ರಸ್ತೆಯ ಅಗಲವೆಲ್ಲ ಬೇಕು, ನಮ್ಮ ರಸ್ತೆಗಳಲ್ಲಿ ಅದು ಸಿಗುವುದಿಲ್ಲ. ಚಕ್ರದ ರಬ್ಬರಿಗೆ ವೇಗದ ನಂಬರ್ ಇರುತ್ತದೆ. 1 ವೇಗದ್ದು, 2 ಸಾಮಾನ್ಯ, 3 ಮತ್ತು 4 ನಿಧಾನದವು. 2 ಅಥವಾ 3 ತೆಗೆದುಕೊಳ್ಳಿ. ನಂಬರ್ 1ರಲ್ಲಿ ಹಗುರದ ದಿನವೂ ಅಪಾಯದ ವೇಗ ಬರುತ್ತದೆ. ಹಿಮದ ಸ್ಕೀಗೆ ಬಳಸುವ ಬೂಟುಗಳೇ ಇದಕ್ಕೂ ಆಗುತ್ತವೆ. ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ನಿಮ್ಮ ಬೂಟಿಗೆ ಹೊಂದುವುದೇ ಎಂದು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ.

ಕ್ಲಾಸಿಕ್ ಸ್ಪರ್ಧೆಯಲ್ಲಿ ಕೋಲು ಬೂಟು ಹಾಕಿದ ಎತ್ತರದ 83 ಶೇಕಡಾ ಮೀರುವಂತಿಲ್ಲ. ಬೂಟು ಸೇರಿ 170 ಸೆಂ.ಮೀ. ಇದ್ದವರಿಗೆ 141. ಸ್ಕೇಟಿಂಗ್‌ಗೆ ಸುಮಾರು 90 ಶೇಕಡಾ. ರಸ್ತೆಗೆ ಕೋಲಿನ ತುದಿಯ ಹಿಮದ ಬುಟ್ಟಿ (ಕೋಲು ಹಿಮದಲ್ಲಿ ಹೂತುಹೋಗದಂತೆ ಅಂಟಿಸಿರುವ ಬಿಲ್ಲೆ) ತೆಗೆದು ಗಡುಸಾದ ಕಾರ್ಬೈಡ್ ಮೊನೆ ಹಾಕಬೇಕು. ಅಂಟು ಬಿಡಿಸಲು ಲೈಟರ್ ಹಚ್ಚಬೇಡಿ, ಕಾರ್ಬನ್ ಕೋಲು ಸುಟ್ಟು ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ತುದಿಯನ್ನು ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಎಳೆದರೆ ಬರುತ್ತದೆ. ಮೊನೆ ಮೊಂಡಾದರೆ ಡಾಂಬರನ್ನು ಕಚ್ಚದೆ ಜಾರುತ್ತದೆ, ಆಗ ಭುಜ ತಾನಾಗಿ ಬಿಗಿಯುತ್ತದೆ. ಮೂರು ನಾಲ್ಕು ಸಲ ಓಡಿದ ಮೇಲೆ ಡೈಮಂಡ್ ಫೈಲಿನಿಂದ ಉಜ್ಜಿ. ಸಾಧಾರಣ ಅರ ಕಾರ್ಬೈಡನ್ನು ಸವೆಸುವುದಿಲ್ಲ.

ಪುಣೆಯಲ್ಲಿ ಕಾಂಕ್ರೀಟ್ ರಸ್ತೆಗಳು ಹೆಚ್ಚುತ್ತಿವೆ. ನುಣುಪಾಗಿ ಕಂಡರೂ ಅವು ಇದಕ್ಕೆ ಆಗಿಬರುವುದಿಲ್ಲ. ಮೊನೆ ಪುಟಿಯುತ್ತದೆ, ಆ ಪೆಟ್ಟು ನೇರ ಮೊಣಕೈಗೆ. ತಿಂಗಳೊಳಗೆ ಮೊಣಕೈಯ ಸ್ನಾಯುರಜ್ಜು ನೋಯತೊಡಗುತ್ತದೆ. ಹಳೆಯ ಡಾಂಬರು ರಸ್ತೆ ಹುಡುಕಿ. ಭಾನುವಾರ ಮುಂಜಾನೆ ಹಿಂಜವಡಿಯ ಒಳರಸ್ತೆಗಳು, ಎಂಐಡಿಸಿ (ಕೈಗಾರಿಕಾ ಪ್ರದೇಶದ) ರಸ್ತೆಗಳು, ದೊಡ್ಡ ಸೊಸೈಟಿಯ ಆವರಣ (ವಾಚ್‌ಮನ್‌ಗೆ ಮೊದಲೇ ಹೇಳಿಟ್ಟರೆ ಸುಖ) ನೋಡಬಹುದು. ಮೊದಲ ಸಲ ನಡೆದುಕೊಂಡೇ ಹೋಗಿ ಮರಳು, ಗುಂಡಿ, ಹಂಪ್, ಡೀಸೆಲ್ ಕಲೆಗಳನ್ನು ಗುರುತಿಸಿಕೊಳ್ಳಿ. ಹೆಲ್ಮೆಟ್, ಗ್ಲೌಸ್, ಕನ್ನಡಕ, ಹೊಳೆಯುವ ಜಾಕೆಟ್ ಇಲ್ಲದೆ ಇಳಿಯಬೇಡಿ.

ರೋಲರ್ ಸ್ಕೀಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಕಾಲು ಅಗಲಿಸಿ ಹಿಮ್ಮಡಿ ಹೊರಗೆ ತಳ್ಳಿದರೆ ವೇಗ ತಗ್ಗುತ್ತದೆ, ಆದರೆ ತಟ್ಟನೆ ನಿಲ್ಲುವುದಿಲ್ಲ. ಆದ್ದರಿಂದ ನಿಯಮ ಒಂದೇ: ಹತ್ತುವಾಗ ಸ್ಕೀ, ಇಳಿಯುವಾಗ ಸ್ಕೂಟರ್. ಸಿಂಹಗಡದ ಘಾಟಿ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು, ವಾರದ ಮಧ್ಯದ ನಸುಕಿನಲ್ಲಿ ಮಾತ್ರ. ಶನಿವಾರ, ಭಾನುವಾರ ಅಲ್ಲಿ ವಾಹನಗಳ ಸಾಲು; ಮಳೆಗಾಲದಲ್ಲಿ ಕಲ್ಲು ಉರುಳಿ ರಸ್ತೆ ಮುಚ್ಚುವುದೂ ಉಂಟು. ನಾಯಿ ಅಟ್ಟಿಸಿಕೊಂಡು ಬಂದರೆ ನಿಂತುಬಿಡಿ. ಓಡುವ ಚಕ್ರವೇ ಅವಕ್ಕೆ ಸಿಟ್ಟು ತರಿಸುವುದು, ಕೋಲು ಬೀಸಿದರೆ ಬೀದಿಯ ನಾಯಿಗಳೆಲ್ಲ ಸೇರುತ್ತವೆ.

ರ‍್ಯಾಚೆಟ್ ಇರುವ ಚಕ್ರ ಯಾವಾಗ ಒದ್ದರೂ ಹಿಡಿಯುತ್ತದೆ. ಹಿಮ ಹಾಗಲ್ಲ, ಅಲ್ಲಿ ತೂಕವೆಲ್ಲ ಒಂದೇ ಕಾಲಿನ ಮೇಲೆ ಬಿದ್ದ ಕ್ಷಣದಲ್ಲೇ ಒದೆಯಬೇಕು. ತಡವಾಗಿ ಒದೆಯುವ ಅಭ್ಯಾಸ ಬೇಸಿಗೆಯಲ್ಲಿ ಅಂಟಿಕೊಂಡರೆ ಗುಲ್ಮಾರ್ಗ್‌ನ ಮೊದಲ ಏರಿನಲ್ಲೇ ಹಿಂದಕ್ಕೆ ಜಾರುತ್ತೀರಿ. ಅದಕ್ಕೇ ರೋಲರ್ ಸ್ಕೀ ಸಮಯದ ಅರ್ಧಕ್ಕಿಂತ ಹೆಚ್ಚನ್ನು, ಎರಡೂ ಕೋಲು ಒಟ್ಟಿಗೆ ಊರಿ ತಳ್ಳುವ ಡಬಲ್ ಪೋಲಿಂಗ್‌ಗೆ ಕೊಡಿ. ಕೈ ಕಣ್ಣಿನ ಮಟ್ಟಕ್ಕೆ, ಮೊಣಕೈ ಸುಮಾರು 90 ಡಿಗ್ರಿ, ದೇಹ ಮುಂದಕ್ಕೆ ವಾಲಲಿ, ಕೋಲು ಬೂಟಿನ ಪಕ್ಕ ನೆಡಲಿ. ಮೊದಲು ಹೊಟ್ಟೆ ಮಡಚಬೇಕು, ತೋಳು ಆಮೇಲೆ. ಮರುದಿನ ಹೊಟ್ಟೆ ನೋಯದೆ ಬರೀ ತೋಳು ನೋಯುತ್ತಿದ್ದರೆ ಕ್ರಮ ತಪ್ಪಿದೆ.

ಮಳೆ ಹಿಡಿದ ಮೇಲೆ

ಜೂನ್ ಮಧ್ಯದಿಂದ ರಸ್ತೆ ಒದ್ದೆ. ಚಕ್ರ ಜಾರುತ್ತದೆ, ಜೀಬ್ರಾ ಗೆರೆಯ ಬಣ್ಣದ ಮೇಲಂತೂ ನಿಲ್ಲುವುದೇ ಇಲ್ಲ, ಬೇರಿಂಗಿಗೆ ಕೆಸರು ನುಗ್ಗುತ್ತದೆ. ಸ್ಕೀ ಒರೆಸಿ ಎತ್ತಿಟ್ಟು ಗುಡ್ಡ ಹಿಡಿಯಿರಿ. ಕೋಲು ಹಿಡಿದು ಏರಿನಲ್ಲಿ ಜಿಗಿಯುತ್ತ ಓಡುವುದು ಈ ಕ್ರೀಡೆಯ ಹಳೆಯ, ಅಗ್ಗದ ವ್ಯಾಯಾಮ. ಕೋಲು ಕ್ಲಾಸಿಕ್ ಅಳತೆಗಿಂತ 5ರಿಂದ 10 ಸೆಂ.ಮೀ. ಗಿಡ್ಡ ಇರಲಿ. ವೇತಾಳ ಟೇಕಡಿಯ ಮಣ್ಣಿನ ಏರುಗಳು ಚೆನ್ನ. ಪರ್ವತಿಯ ಮೆಟ್ಟಿಲು ಬೇಡ, ಅಲ್ಲಿ ನಿಮ್ಮ ಹೆಜ್ಜೆಯ ಉದ್ದವನ್ನು ಮೆಟ್ಟಿಲು ತೀರ್ಮಾನಿಸುತ್ತದೆ.

ವಾರಕ್ಕೆ ಒಂದು ಸಲ, ಮೂರು ನಿಮಿಷದ ಆರು ಏರು, ಬಡಿತ 87–92 ಶೇಕಡಾದಲ್ಲಿ. ಇಳಿಯುವಾಗ ನಡಿಗೆ. ಆರನೆಯದರಲ್ಲಿ ಮೊದಲನೆಯದಕ್ಕಿಂತ ಹತ್ತು ಹೆಜ್ಜೆಯಾದರೂ ಮುಂದೆ ಮುಟ್ಟಬೇಕು. ಹಿಂದೆ ಬಿದ್ದರೆ ಶುರುವಿನಲ್ಲೇ ಹೆಚ್ಚು ಎಳೆದಿದ್ದೀರಿ. ಇನ್ನೊಂದು ದಿನ ಎಂಟು ನಿಮಿಷದ ನಾಲ್ಕು ಸುತ್ತು, 82–87 ಶೇಕಡಾದಲ್ಲಿ, ನಡುವೆ ಎರಡು ನಿಮಿಷ ಬಿಡುವು. ಉದ್ದದ ದಿನಕ್ಕೆ ಆತಕರವಾಡಿಯಿಂದ ಸಿಂಹಗಡದ ಕಾಲುದಾರಿ. ಅಲ್ಲಿ ಎಲ್ಲರೂ ಗಡಿಯಾರ ನೋಡಿ ಹತ್ತುತ್ತಾರೆ, ನೀವು ಬಡಿತ ನೋಡಿ.

ಹೊರಗೆ ಹೋಗಲಾಗದ ದಿನ ಕಿಟಕಿಯ ಕಂಬಿಗೆ ತಲೆಗಿಂತ ಎತ್ತರದಲ್ಲಿ ರಬ್ಬರ್ ಟ್ಯೂಬ್ ಕಟ್ಟಿ 40 ಸೆಕೆಂಡ್ ಎಳೆತ, 20 ಸೆಕೆಂಡ್ ಬಿಡುವು, ಹತ್ತು ಸುತ್ತು. ಜೊತೆಗೆ ಪುಲ್-ಅಪ್, ಡಿಪ್ಸ್, ಒಂಟಿಕಾಲಿನ ಸ್ಕ್ವಾಟ್ ವಾರಕ್ಕೆರಡು ದಿನ. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲಿ. ಬೆಳಗ್ಗೆ ಎದ್ದಾಗಿನ ಬಡಿತ ಮಾಮೂಲಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಆ ದಿನ ವಿಶ್ರಾಂತಿ.

ಹಿಮಕ್ಕೆ ಹೊರಡುವ ಮುನ್ನ

ಅಕ್ಟೋಬರ್, ನವೆಂಬರ್‌ನಲ್ಲಿ ರಸ್ತೆ ಒಣಗಿರುತ್ತದೆ, ಗಾಳಿ ತಂಪು. ಕಠಿಣ ದಿನಗಳನ್ನು ಗುಡ್ಡದಿಂದ ರೋಲರ್ ಸ್ಕೀಗೆ ದಾಟಿಸಿ, ಒಟ್ಟು ಗಂಟೆಗಳನ್ನು ಏರಿಸಬೇಡಿ. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ, ಗುಲ್ಮಾರ್ಗ್ ಸುಮಾರು 2,650ರಲ್ಲಿ. ಸ್ಪರ್ಧೆಗೆ ಎರಡು ವಾರ ಮೊದಲೇ ಅಲ್ಲಿರುವಂತೆ ರಜೆ ಹೊಂದಿಸಿಕೊಳ್ಳಿ. ಮೊದಲ ನಾಲ್ಕೈದು ದಿನ ಹಗುರ ವೇಗದ ಮಿತಿಯೊಳಗೇ ಇದ್ದು, ಒದೆಯುವ ಸಮಯ ಸರಿಪಡಿಸಿಕೊಳ್ಳುವುದೊಂದೇ ಕೆಲಸ. ಕೋಲಿನ ಕಾರ್ಬೈಡ್ ಮೊನೆ ತೆಗೆದು ಹಿಮದ ಬುಟ್ಟಿ ಅಂಟಿಸುವುದನ್ನು ಪುಣೆಯ ಅಡುಗೆಮನೆಯಲ್ಲೇ ಮುಗಿಸಿ, ಒಂದು ಜೊತೆ ಹೆಚ್ಚುವರಿ ಬುಟ್ಟಿ ಮತ್ತು ಅಂಟಿನ ಕಡ್ಡಿಯನ್ನು ಬ್ಯಾಗಿಗೆ ಹಾಕಿಕೊಳ್ಳಿ.