ಸಿಗಾರ್ ಆಶ್‌ಟ್ರೇಗೆ ದಿರ್ಹಮ್ ಲೆಕ್ಕದಲ್ಲಿ ಬೆಲೆ ಕಟ್ಟಿದೆ

ಹಲಸಿನ ಮರದ ಸಿಗಾರ್ ಆಶ್‌ಟ್ರೇ ಒಂದಕ್ಕೆ 3,800 ರೂಪಾಯಿ. ಈ ಬೆಲೆ ಹೇಳಿದಾಗ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಉಪ್ಪಳದವರೆಗೆ ಮರಗೆಲಸದ ಕಸುಬಿನವರು ಯಾರೂ ನಂಬಲಿಲ್ಲ. "ಬೂದಿ ತಟ್ಟುವುದಕ್ಕೆ ಇಷ್ಟು ದುಡ್ಡು ಯಾರು ಕೊಡ್ತಾರೆ ಮಾರಾಯ್ರೇ?" ಅಂತ ಕೇಳಿದವರೇ ಜಾಸ್ತಿ. ನನಗೆ ಕೆಲಸ ಕಲಿಸಿದ ಆಚಾರ್ರು ಕೂಡ "ಒಂದು ಮಣೆ ಮಾಡಿದ್ರೆ ಮರುದಿನವೇ ಹೋಗ್ತದೆ, ಇದೆಂತದ್ದು ನಿಂದು?" ಅಂದಿದ್ದರು. ಈಗ ವರ್ಷಕ್ಕೆ ನೂರರ ಹತ್ತಿರ ಹೋಗುತ್ತಿದೆ, ಚೌಕಾಸಿ ಇಲ್ಲದೆ. ಲೇತ್, ರೂಟರ್ ಹಿಡಿದು ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ. ಮರ ಕಡೆಯುವುದು ಹೇಗೆ ಅಂತ ಹೇಳಲು ಹೋಗುವುದಿಲ್ಲ.

ಶುರುವಿನಲ್ಲಿ ಕರಕುಶಲ ಮೇಳಗಳಲ್ಲಿ 900ಕ್ಕೆ ಮಾರುತ್ತಿದ್ದೆ. ಬಂದವರು ಎತ್ತಿ ನೋಡುತ್ತಾರೆ, ಇದು ಎಂತ ಅಂತ ಕೇಳುತ್ತಾರೆ, 500ಕ್ಕೆ ಕೊಡಿ ಅನ್ನುತ್ತಾರೆ. ಆಮೇಲೆ ನಿಜವಾದ ಖರ್ಚು ಬರೆದು ನೋಡಿದೆ. ತಿರುಳು ಮಾತ್ರ ತೆಗೆದು, ಹೊರಗಿನ ಬಿಳಿ ಭಾಗ ಬಿಸಾಡಿದರೆ ಮರಕ್ಕೇ ಸುಮಾರು 300. ಒಳಗೆ ಕೂರಿಸುವ ಹಿತ್ತಾಳೆ ಬಟ್ಟಲಿಗೆ 450. ಎಣ್ಣೆ, ಸ್ಯಾಂಡ್ ಪೇಪರ್, ಕರೆಂಟು ಸೇರಿ 140. ಪೆಟ್ಟಿಗೆಗೆ 200 ಚಿಲ್ಲರೆ. ನನ್ನ ಐದು ಗಂಟೆಯ ಕೆಲಸಕ್ಕೆ ನಮ್ಮೂರಿನ ಮರಗೆಲಸದ ಕೂಲಿ ಹಿಡಿದರೂ 750. ಹತ್ತರಲ್ಲಿ ಒಂದು ಹಾಳಾಗುತ್ತದೆ, ಅದೂ ಸೇರಬೇಕು. ಎಲ್ಲ ಕೂಡಿದರೆ ಎರಡು ಸಾವಿರ. 900ಕ್ಕೆ ಮಾರುತ್ತಿದ್ದಾಗ ಕೂಲಿ ಇರಲಿ, ಸಾಮಾನಿನ ದುಡ್ಡೂ ಪೂರ್ತಿ ವಾಪಸು ಬರುತ್ತಿರಲಿಲ್ಲ.

ಬೇಕಲದ ಕಡೆಯ ರೆಸಾರ್ಟ್‌ಗಳಲ್ಲಿ ಕೊಟ್ಟು ನೋಡಿ ಅಂತ ಹಲವರು ಹೇಳಿದರು. ಅದನ್ನೂ ಮಾಡಿದೆ. ಕೋಣೆಗಳಿಗೆ ಅವರು ತೆಗೆದುಕೊಳ್ಳುವ ಹಾಗೇ ಇಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಧೂಮಪಾನ ನಿಷೇಧ ಇರುವಲ್ಲಿ ಆಶ್‌ಟ್ರೇ ಇಡುವಂತಿಲ್ಲ. ಸೇದಲು ಬಿಡುವ ಜಾಗಕ್ಕೆ ಅವರಿಗೆ ಗಾಜಿನದ್ದೇ ಬೇಕು, ತೊಳೆದು ಒರೆಸಿದರೆ ಆಯ್ತು. ಉಳಿದದ್ದು ಗಿಫ್ಟ್ ಶಾಪ್. ಒಂದು ಕಡೆ ಇಟ್ಟೆ. ನೂರಕ್ಕೆ ನಲವತ್ತು ಅವರಿಗೆ, ದುಡ್ಡು ಕೈಗೆ ಬರಲು ಮೂರು ತಿಂಗಳು. ಆಗ ಬೆಲೆ 1,600 ಇಟ್ಟಿದ್ದೆ, ನನಗೆ ಸಿಕ್ಕಿದ್ದು 960. ಆ ದಾರಿ ಅಲ್ಲಿಗೇ ಬಿಟ್ಟೆ.

ದಾರಿ ಸಿಕ್ಕಿದ್ದು ಟ್ರಾವೆಲ್ ಏಜೆನ್ಸಿಯಲ್ಲಿ. ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆ ಗಲ್ಫಿಗೆ ಹೋದವರು ಇಲ್ಲದ ಮನೆ ಕಡಿಮೆ. ರಜೆ ಮುಗಿಸಿ ವಾಪಸು ಹೋಗುವಾಗ ಅರ್ಬಾಬಿಗೋ (ಅಲ್ಲಿನ ಧಣಿ) ಮ್ಯಾನೇಜರಿಗೋ ಏನಾದರೂ ಒಯ್ಯಬೇಕು. ಹಲ್ವ, ಚಿಪ್ಸ್ ಎಲ್ಲರೂ ಒಯ್ಯುತ್ತಾರೆ. ಸಿಗಾರ್ ಸೇದುವ ಮ್ಯಾನೇಜರಿಗೆ ಎಂತ ಕೊಡುವುದು ಅಂತ ಯೋಚನೆ ಮಾಡುವವರು ಟಿಕೆಟ್ ಕೌಂಟರಿನ ಎದುರೇ ಕೂತಿರುತ್ತಾರೆ. ಅಲ್ಲಿ ಮೇಜಿನ ಮೇಲೆ ಒಂದು ಸ್ಯಾಂಪಲ್ ಇಡಿಸಿದೆ. ಏಜೆನ್ಸಿಗೆ ನೂರಕ್ಕೆ ಹತ್ತು, ಮಾರಿದ ದಿನವೇ.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಸಿಗಾರ್ ಸೇದುವವನು ನಮ್ಮ ಗಿರಾಕಿ ಅಲ್ಲ. ಅವನಿಗೆ ಉಡುಗೊರೆ ಕೊಡುವವನು ಗಿರಾಕಿ. ಅವನ ಲೆಕ್ಕ ದಿರ್ಹಮ್‌ನಲ್ಲಿ. 900 ರೂಪಾಯಿ ಅಂದರೆ ನಲವತ್ತು ದಿರ್ಹಮ್, ಮೇಲಧಿಕಾರಿಯ ಕೈಗೆ ಕೊಡಲು ಅವನಿಗೇ ಸಂಕೋಚ. 160 ದಿರ್ಹಮ್ ಆಸುಪಾಸು ಅಂದರೆ ಕೊಡುವವನಿಗೂ ಮರ್ಯಾದೆ, ಜೇಬಿಗೂ ಭಾರ ಅಲ್ಲ. ಅದನ್ನೇ ರೂಪಾಯಿಗೆ ತಂದು 3,800 ಅಂತ ನಿಲ್ಲಿಸಿದೆ. ಹೆಸರು ಕೆತ್ತಿಸಬೇಕಾದರೆ 300 ಜಾಸ್ತಿ. 1,600ಕ್ಕೆ ಅಷ್ಟಾಗಿ ಹೋಗದ ಅದೇ ಮಾಲು ಪೆಟ್ಟಿಗೆ ಹಾಕಿ 3,800 ಅಂದಾಗ ಹೋಯಿತು.

ತೂಕವನ್ನೂ ನೋಡಬೇಕು. ಬ್ಯಾಗೇಜಿನಲ್ಲಿ ಪ್ರತಿ ಕಿಲೋಗೂ ಮನೆಯಲ್ಲಿ ಜಗಳ. ಪೆಟ್ಟಿಗೆ ಸೇರಿ 1,200 ಗ್ರಾಂ ದಾಟಿದರೆ "ಇನ್ನೊಮ್ಮೆ ನೋಡುವ" ಅಂತ ಹೊರಟುಬಿಡುತ್ತಾರೆ. ತೀರಾ ಹಗುರ ಮಾಡಿದರೆ ಕೈಗೆ ಬೆಲೆ ಗೊತ್ತಾಗುವುದಿಲ್ಲ. ಕಿಲೋಗೆ ಸ್ವಲ್ಪ ಮೇಲೆ ಇಟ್ಟರೆ ಸರಿ.

ಅತಿ ಹೆಚ್ಚು ದುಡ್ಡು ತಿಂದದ್ದು ಬಿರುಕು. ಮೊದಲ ಲಾಟಿನಲ್ಲಿ ದುಬೈ, ಶಾರ್ಜಾಕ್ಕೆ ಹೋದವುಗಳಲ್ಲಿ ಅರ್ಧದಷ್ಟು ಒಡೆದವು. ಫೋಟೋ ಬಂತು: ಸಿಗಾರ್ ಇಡುವ ಗಾಡಿಯಿಂದ (ಅಂಚಿನಲ್ಲಿ ಕೊರೆದ ಅರ್ಧ ಗುಂಡಗಿನ ತೋಡು) ಹೊರಟ ಸೀಳು ನಾರಿನ ಜಾಡಿನಲ್ಲೇ ಬುಡದವರೆಗೆ ಇಳಿದಿತ್ತು, ಒಳಗೆ ಬೆರಳಿನ ಉಗುರು ಹೋಗುವಷ್ಟು. ನಮ್ಮ ಕರಾವಳಿಯ ಹವೆಯಲ್ಲಿ ಎಷ್ಟು ವರ್ಷ ಒಣಗಿಸಿದರೂ ಮರದ ತೇವ ಅಳೆಯುವ ಮೀಟರ್ ನೂರಕ್ಕೆ 15, 16ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಲ್ಲಿ ಇಡೀ ದಿನ ಎ.ಸಿ. ಮರ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ಬಿಗಿಯಾಗಿ ಅಂಟಿಸಿದ ಬಟ್ಟಲು ಮರವನ್ನು ಒಳಗಿನಿಂದ ಸೀಳುತ್ತದೆ. ಒಡೆದದ್ದಕ್ಕೆಲ್ಲ ಬೇರೆ ಕೊಟ್ಟೆ, ಹತ್ತಿಪ್ಪತ್ತು ಸಾವಿರ ಹೋಯಿತು. ಆದರೆ ಹಾಗೆ ಬದಲಿ ಪಡೆದವರೇ ಮುಂದೆ ಗೆಳೆಯರನ್ನು ಕಳಿಸಿದರು.

ಈಗ ತುಂಡುಗಳನ್ನು ದಪ್ಪಕ್ಕೆ ಕಡೆದು, ಬಲ್ಬು ಮತ್ತು ಸಣ್ಣ ಫ್ಯಾನ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ತೇವವನ್ನು 9ಕ್ಕೆ ಇಳಿಸುತ್ತೇನೆ, ಆಮೇಲೆಯೇ ಕೊನೆಯ ಅಳತೆ. ಬಟ್ಟಲಿನ ಸುತ್ತ ಒಂದೂವರೆ ಮಿಲಿಮೀಟರ್ ಸಂದು ಬಿಡುತ್ತೇನೆ. ಬಟ್ಟಲಿನ ಮಡಿಸಿದ ಅಂಚು ಅದನ್ನು ಮುಚ್ಚುತ್ತದೆ. ಅಂಟು ಇಲ್ಲ. ಆದರೂ ಬಟ್ಟಲು ಅಲ್ಲಾಡುವುದಿಲ್ಲ, ಬೇಕೆಂದಾಗ ಎತ್ತಿ ತೊಳೆಯಬಹುದು. ಅದು ಹೇಗೆ ಕೂರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅಲ್ವಾ.

ಗಾಡಿಯ ಅಳತೆ ಮಾತ್ರ ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಪೇಟೆಯಲ್ಲಿ ಸಿಗಾರ್ ಆಶ್‌ಟ್ರೇ ಅಂತ ಮಾರುವುದರಲ್ಲಿ ಹೆಚ್ಚಿನವು ಸಿಗರೇಟಿನವು. ಸಿಗಾರಿನ ದಪ್ಪವನ್ನು ರಿಂಗ್ ಗೇಜಿನಲ್ಲಿ ಹೇಳುತ್ತಾರೆ, ಒಂದು ಗೇಜ್ ಅಂದರೆ ಇಂಚಿನ 64ನೇ ಒಂದು ಭಾಗ. 50 ಗೇಜಿನ ರೊಬುಸ್ಟೊ ಅನ್ನುವ ಸಿಗಾರ್ 20 ಮಿಲಿಮೀಟರ್ ಹತ್ತಿರ, 60 ಗೇಜಿನದ್ದು 24ರ ಹತ್ತಿರ. ನಾನು 22 ಮತ್ತು 25ರ ಎರಡು ಗಾಡಿ ಕೊಡುತ್ತೇನೆ, ಐದು ಸೆಂಟಿಮೀಟರ್ ಉದ್ದ. ಗಿಡ್ಡ ಗಾಡಿಯಲ್ಲಿ ಸಿಗಾರ್ ಉರುಳುತ್ತದೆ. ಮೊದಲು ನಾಲ್ಕು ಗಾಡಿ ಹಾಕುತ್ತಿದ್ದೆ. ಎರಡಕ್ಕೆ ಇಳಿಸಿದ ಮೇಲೆ ಮುಕ್ಕಾಲು ಗಂಟೆ ಉಳಿಯಿತು, ಬೆಲೆ ಕಡಿಮೆ ಮಾಡಿ ಅಂತ ಯಾರೂ ಕೇಳಲಿಲ್ಲ. ಎರಡು ದಿಮ್ಮಿ ಜೋಡಿಸಿ ಕ್ಲಾಂಪ್ ಮಾಡಿ, ಸೇರುವ ಗೆರೆಯ ಮೇಲೆಯೇ ಫಾರ್ಸ್ಟ್‌ನರ್ ಬಿಟ್ (ದೊಡ್ಡ ಗುಂಡಗಿನ ತೂತು ಕೊರೆಯುವ ಬಿಟ್) ಇಳಿಸಿದರೆ ಎರಡರಲ್ಲೂ ಅರ್ಧ ಗುಂಡಗಿನ ಗಾಡಿ ಒಟ್ಟಿಗೆ ಬೀಳುತ್ತದೆ.

ಪಾಲಿಶ್‌ನಲ್ಲಿ ಪಿಯು (ಪಾಲಿಯುರಿಥೇನ್) ಹಚ್ಚಿದ್ದು ಗಾಡಿಯ ಬಾಯಲ್ಲಿ ಗುಳ್ಳೆ ಎದ್ದಿತು. ಅರಗಿನ ಪಾಲಿಶ್ ಬಿಸಿಗೆ ಮೆತ್ತಗಾಯಿತು. ಅಗಸೆ ಎಣ್ಣೆಯೇ ನಿಂತದ್ದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬೆಂಕಿ ಹಿಡಿಯುತ್ತದೆ. ಹರಡಿ ಒಣಗಿಸಿ.

ನಡುವೆ ಮುರಕಲ್ಲಿನ ಬಟ್ಟಲೂ ಮಾಡಿ ನೋಡಿದೆ. ನಮ್ಮ ಊರಿನ ಕಲ್ಲು, ಹಲಸಿನ ಹಳದಿಯ ಜೊತೆ ಆ ಕೆಂಪು ಎಷ್ಟು ಚಂದ! ಆದರೆ ಹುಡಿ ಉದುರುವುದು ನಿಲ್ಲಲಿಲ್ಲ. ತೆಂಗಿನ ಮರದಲ್ಲಿ ಗಾಡಿಯ ಅಂಚಿನ ನಾರು ಎದ್ದು ಬರುತ್ತದೆ. ಬೀಟೆಯ ತುಂಡು ಮನೆಯಲ್ಲೇ ಇದೆ, ಆದರೆ ಆ ಜಾತಿ 2017ರಿಂದ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ದೇಶದಿಂದ ದೇಶಕ್ಕೆ ಸಾಗಿಸಲು ನಿರ್ಬಂಧ ಇರುವ ಗಿಡ, ಪ್ರಾಣಿಗಳ ಪಟ್ಟಿ. ಗಿರಾಕಿಗೆ ಏರ್‌ಪೋರ್ಟಿನಲ್ಲಿ ನನ್ನಿಂದ ತೊಂದರೆ ಆಗುವುದು ಬೇಡ. ಹಲಸೇ ಸಾಕು. ಬೆಳಕಿಗೆ ಹಳದಿ ಹೋಗಿ ಕಂದು ಬರುತ್ತದೆ, ಅದನ್ನು ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಬರೆದು ಇಡುತ್ತೇನೆ, ಬಣ್ಣ ಹೋಯಿತು ಅನ್ನುವ ಫೋನು ಬರುವುದಿಲ್ಲ.

ಮಾರಾಟದ ಕಾಲ ಅಂದರೆ ಆಗಸ್ಟ್ ತಿಂಗಳು. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ, ಊರಿಗೆ ಬಂದ ಸಂಸಾರಗಳು ತಿಂಗಳ ಕೊನೆಗೆ ಮಂಗಳೂರು, ಕಣ್ಣೂರಿನಿಂದ ವಿಮಾನ ಹತ್ತುತ್ತವೆ. ಆದರೆ ಆಟಿಯ ಮಳೆಯಲ್ಲಿ ಎಣ್ಣೆ ಒಣಗುವುದೇ ಇಲ್ಲ. ಹಾಗಾಗಿ ಮೇ ತಿಂಗಳೊಳಗೆ ಎಣ್ಣೆ ಹಚ್ಚಿ ಮುಗಿಯಬೇಕು, ಅದಕ್ಕೆ ಮರ ಹಿಂದಿನ ವರ್ಷವೇ ಕೊಂಡಿರಬೇಕು. ಅಷ್ಟು ದುಡ್ಡು ಎಂಟು ತಿಂಗಳು ಮರದಲ್ಲೇ ಕೂತಿರುತ್ತದೆ. ಅದರ ಬಡ್ಡಿಯನ್ನು ಇಷ್ಟು ದಿನ ಬೆಲೆಯಲ್ಲಿ ಹಿಡಿದಿರಲಿಲ್ಲ. ಮುಂದಿನ ಲಾಟಿಗೆ 4,200.