ಮಗುವಿನ ದೇಹಕ್ಕೆ ಹೊಂದುವ ವ್ಯಾಯಾಮವನ್ನು ರೂಪಿಸುವುದು ಹೇಗೆ?

ಒಂದೇ ವರ್ಷ ಹುಟ್ಟಿದ ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎಲ್ಲರಿಂದಲೂ ಅಷ್ಟೇ ಸುತ್ತು ಓಡಿಸಿ, ಅಷ್ಟೇ ಬಸ್ಕಿ ಹೊಡೆಸುವುದು ತರಬೇತಿ ಕೊಡುವವರಿಗೆ ಅನುಕೂಲವಾದ ಪದ್ಧತಿ. ಆದರೆ 12 ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬರ ದೇಹ 10ರ ಹಂತದಲ್ಲಿಯೂ ಇನ್ನೊಬ್ಬರದು 14ರ ಹಂತದಲ್ಲಿಯೂ ಇರುವುದು ಅಪರೂಪವೇನಲ್ಲ. ಹುಟ್ಟಿದ ದಿನಾಂಕವನ್ನು ನೋಡಿ ತರಬೇತಿ ಕೊಡುವುದನ್ನು ಬಿಟ್ಟು, ದೇಹವನ್ನು ನೋಡಿ ಕೊಡುವುದನ್ನು ರೂಢಿಸಿಕೊಳ್ಳಬೇಕೆಂಬುದೇ ಇಲ್ಲಿ ನಾನು ಒತ್ತಿ ಹೇಳಬಯಸುವ ಮಾತು.

ಎಲ್ಲ ಮಕ್ಕಳಿಗೂ ಸಮಾನವಾಗಿ ಅನ್ವಯಿಸುವ ಒಂದು ತಳಹದಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. ವಾರದಲ್ಲಿ ಕನಿಷ್ಠ 3 ದಿನ ಏದುಸಿರು ಬರಿಸುವಂಥ ಚಟುವಟಿಕೆಯೂ, ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯೂ ಅದರಲ್ಲಿ ಸೇರಿರಬೇಕು. ಆ 60 ನಿಮಿಷಗಳಲ್ಲಿ ಏನನ್ನು ತುಂಬಬೇಕು ಎಂಬುದು ಮಾತ್ರ ಮಗುವಿನಿಂದ ಮಗುವಿಗೆ ಬದಲಾಗುತ್ತದೆ.

ಅದನ್ನು ನಿರ್ಧರಿಸುವ ಮೊದಲು ಮಗುವನ್ನು ಗಮನವಿಟ್ಟು ನೋಡಬೇಕು. ನಿಂತಲ್ಲಿಂದಲೇ ಮುಂದಕ್ಕೆ ಜಿಗಿಯುವುದು, 20 ಮೀಟರ್ ವೇಗದ ಓಟ, ಒಂಟಿ ಕಾಲಿನಲ್ಲಿ ನಿಲ್ಲುವುದು, ಚೆಂಡನ್ನು ಎಸೆದು ಹಿಡಿಯುವುದು, ಕಾಲು ಚಾಚಿ ಕುಳಿತು ಬೆರಳ ತುದಿಯನ್ನು ಮುಟ್ಟುವುದು, ತನ್ನದೇ ಗತಿಯಲ್ಲಿ ಕೆಲವು ನಿಮಿಷ ನಿಲ್ಲದೆ ಓಡುವುದು, ಇಷ್ಟು ಸಾಕು. ಇವನ್ನು ಒಂದೇ ದಿನ ಮುಗಿಸದೆ ಬೇರೆ ಬೇರೆ ದಿನಗಳಲ್ಲಿ ಮಾಡಿಸಬೇಕು. ನಿದ್ದೆಗೆಟ್ಟ ದಿನದ ಅಥವಾ ಜ್ವರದಿಂದ ಎದ್ದ ವಾರದ ಅಳತೆಗೆ ಬೆಲೆಯಿಲ್ಲ. ಸಂಖ್ಯೆಗಿಂತ ಹೆಚ್ಚಿನ ವಿಷಯವನ್ನು ಚಲನೆಯೇ ತಿಳಿಸುತ್ತದೆ. ಜಿಗಿತದಲ್ಲಿ ಎಷ್ಟು ದೂರ ಬಿತ್ತು ಎಂದು ಟೇಪು ಹಿಡಿದು ಅಳೆಯುವಾಗಲೇ, ನೆಲ ಮುಟ್ಟಿದ ಕ್ಷಣದಲ್ಲಿ ಮೊಣಕಾಲುಗಳು ಪಾದದ ನೇರಕ್ಕೆ ಬಾಗಿದವೇ ಅಥವಾ ಒಳಕ್ಕೆ ವಾಲಿ ಒಂದನ್ನೊಂದು ಸಮೀಪಿಸಿದವೇ, ಹಿಮ್ಮಡಿ ಧಡ್ಡೆಂದು ಬಡಿಯಿತೇ ಎಂಬುದನ್ನೂ ನೋಡಬೇಕು. ಮೊಣಕಾಲು ಒಳಕ್ಕೆ ವಾಲುವ ಮಗು ಎಷ್ಟೇ ದೂರ ಜಿಗಿದರೂ, ಅದಕ್ಕೆ ಮೊದಲು ಕಲಿಸಬೇಕಾದದ್ದು ಇನ್ನೂ ದೂರ ಜಿಗಿಯುವುದನ್ನಲ್ಲ, ಮೆತ್ತಗೆ ಇಳಿಯುವುದನ್ನು.

ಎರಡನೆಯದಾಗಿ, ಮೂರು ತಿಂಗಳಿಗೊಮ್ಮೆ ಎತ್ತರವನ್ನು ಅಳೆದು ಬರೆದಿಡಬೇಕು. ಇದನ್ನು ಕಡೆಗಣಿಸುವವರೇ ಹೆಚ್ಚು, ಆದರೆ ನನ್ನ ದೃಷ್ಟಿಯಲ್ಲಿ ಇದರಷ್ಟು ಉಪಯುಕ್ತವಾದ ಅಳತೆ ಬೇರೊಂದಿಲ್ಲ. ಪ್ರೌಢಾವಸ್ಥೆಗೆ ಮುಂಚೆ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆಯುತ್ತಾರೆ; ಹುಡುಗಿಯರಲ್ಲಿ ಸುಮಾರು 12ನೇ ವಯಸ್ಸಿಗೆ, ಹುಡುಗರಲ್ಲಿ ಸುಮಾರು 14ನೇ ವಯಸ್ಸಿಗೆ ಈ ವೇಗ 8–10 ಸೆಂಟಿಮೀಟರಿಗೆ ಏರುತ್ತದೆ. ಮೂರು ತಿಂಗಳಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದ್ದರೆ ಮಗು ವೇಗವಾಗಿ ಎತ್ತರವಾಗುವ ಈ ಹಂತಕ್ಕೆ ಕಾಲಿಟ್ಟಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಆಗ ಕೈಕಾಲುಗಳ ಮೂಳೆಗಳು ಮೊದಲು ಉದ್ದವಾಗಿ, ಸ್ನಾಯುಗಳ ಬಲ ಅದನ್ನು ತಡವಾಗಿ ಹಿಂಬಾಲಿಸುವುದರಿಂದ, ನಿನ್ನೆಯವರೆಗೆ ಚುರುಕಾಗಿದ್ದ ಮಗು ಎಡವುತ್ತದೆ, ಚೆಂಡು ಕೈತಪ್ಪುತ್ತದೆ. ಇದನ್ನು ಸೋಮಾರಿತನವೆಂದು ಗದರುವುದು ಅನ್ಯಾಯ. ಆ ತಿಂಗಳುಗಳಲ್ಲಿ ಜಿಗಿತ ಮತ್ತು ಓಟದ ಪ್ರಮಾಣವನ್ನು ಇಳಿಸಿ, ಸಮತೋಲನ ಮತ್ತು ಚಲನೆಯ ಹಿಡಿತವನ್ನು ಮರಳಿ ಕಲಿಸುವ ಅಭ್ಯಾಸಗಳಿಗೆ ಹೆಚ್ಚು ಸಮಯ ಕೊಡಬೇಕು.

ಬೇಗ ಬೆಳೆದ ಮಗು ಪಂದ್ಯ ಗೆಲ್ಲುವುದು ಹಲವು ಬಾರಿ ಎತ್ತರ ಮತ್ತು ತೂಕದ ಬಲದಿಂದಲೇ ಹೊರತು ಕೌಶಲದಿಂದಲ್ಲ. ಆದ್ದರಿಂದ ಅದಕ್ಕೆ ಕೌಶಲವನ್ನು ಬೇಡುವ ಅಭ್ಯಾಸಗಳನ್ನೇ ಹೆಚ್ಚು ಕೊಡಬೇಕು. ತಡವಾಗಿ ಬೆಳೆಯುವ ಮಗುವನ್ನು ತಂಡದಿಂದ ಕೈಬಿಡಬಾರದು. ಎರಡು ವರ್ಷಗಳ ನಂತರ ಅದರ ದೇಹ ಏನಾಗಬಲ್ಲದು ಎಂಬುದು ಈಗಿನ ಫಲಿತಾಂಶದಲ್ಲಿ ಕಾಣಿಸುವುದಿಲ್ಲ.

ಇನ್ನು ಸಹಜ ಒಲವುಗಳ ವಿಷಯ. ವೇಗವಾಗಿ ಸಂಕುಚಿಸುವ ಸ್ನಾಯು ತಂತುಗಳು ಹೆಚ್ಚಿರುವವರು ಗಕ್ಕನೆ ಓಡುವುದರಲ್ಲಿಯೂ ಜಿಗಿಯುವುದರಲ್ಲಿಯೂ ಮುಂದಿರುತ್ತಾರೆ. ನಿಧಾನವಾಗಿ ಸಂಕುಚಿಸುವ ತಂತುಗಳು ಹೆಚ್ಚಿರುವವರು ಬಹಳ ಹೊತ್ತು ತಾಳಿಕೊಳ್ಳುತ್ತಾರೆ. ಇದರಲ್ಲಿ ವಂಶವಾಹಿಗಳ ಪಾಲು ಗಣನೀಯ. ಮೊದಲನೆಯ ಬಗೆಯ ಮಗುವಿಗೆ ಚಿಕ್ಕ ಚಿಕ್ಕ ಓಟಗಳನ್ನು ನಡುವೆ ಸಾಕಷ್ಟು ವಿಶ್ರಾಂತಿಯಿಟ್ಟು ಮಾಡಿಸಬೇಕು, ಎರಡನೆಯದಕ್ಕೆ ಈಜು, ಸೈಕಲ್, ಉದ್ದದ ಓಟ ಒಪ್ಪುತ್ತವೆ. ಮೈತೂಕ ಹೆಚ್ಚಿರುವ ಮಗುವನ್ನು ಓಟದಿಂದಲೇ ಆರಂಭಿಸುವುದು ತಪ್ಪು. ಎಸೆಯುವುದು, ತಳ್ಳುವುದು, ಎಳೆಯುವುದು, ಈಜುವುದು ಇವುಗಳಲ್ಲಿ ಅದು ತನ್ನ ಬಲವನ್ನು ತಾನೇ ಕಂಡುಕೊಳ್ಳಲಿ. ಹೆಬ್ಬೆರಳನ್ನು ಮುಂಗೈಗೆ ತಾಗಿಸಬಲ್ಲ, ಮೊಣಕೈ ಮೊಣಕಾಲುಗಳು ನೇರಕ್ಕಿಂತ ಹಿಂದಕ್ಕೆ ಬಾಗುವ ಮಕ್ಕಳನ್ನು ನೋಡಿ ಎಲ್ಲರೂ ಮೆಚ್ಚುತ್ತಾರೆ, ಇನ್ನಷ್ಟು ಬಾಗಿಸುತ್ತಾರೆ. ಅವರಿಗೆ ಬೇಕಾದದ್ದು ಇನ್ನೂ ಹೆಚ್ಚಿನ ಬಾಗುವಿಕೆಯಲ್ಲ, ಸಡಿಲವಾದ ಕೀಲುಗಳನ್ನು ಹಿಡಿದು ನಿಲ್ಲಿಸುವ ಸ್ನಾಯುಬಲ. ಒಲವಿರುವ ಕಡೆಗೆ ಅರ್ಧಕ್ಕಿಂತ ತುಸು ಹೆಚ್ಚು ಸಮಯ ಕೊಟ್ಟು, ಉಳಿದದ್ದನ್ನು ಕೊರತೆಯಿರುವ ಗುಣಗಳಿಗೆ ಹಂಚುವುದು ಸೂಕ್ತವೆಂದು ನಾನು ಭಾವಿಸುತ್ತೇನೆ.

ಭಾರದ ವ್ಯಾಯಾಮದಿಂದ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಪ್ರೌಢಾವಸ್ಥೆಗೆ ಮುಂಚೆ ಸ್ನಾಯುಗಳು ಹೆಚ್ಚು ದಪ್ಪವಾಗುವುದಿಲ್ಲ, ನರಗಳು ಅವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದಲೇ ಬಲ ಹೆಚ್ಚುತ್ತದೆ. ಮೊದಲು ಭಾರವಿಲ್ಲದೆ ಸರಿಯಾದ ಭಂಗಿಯನ್ನು ಕಲಿಸಿ, ಆಮೇಲೆ 8ರಿಂದ 15 ಬಾರಿ ಸಲೀಸಾಗಿ ಎತ್ತಬಲ್ಲ ಹಗುರ ಭಾರವನ್ನು, ವಾರಕ್ಕೆ 2–3 ದಿನ, ತಿಳಿದವರ ಕಣ್ಣೆದುರಿನಲ್ಲಿ ಮಾಡಿಸಬಹುದು.

ಎಷ್ಟು ಶ್ರಮ ಬೀಳುತ್ತಿದೆ ಎಂದು ತಿಳಿಯಲು, 220ರಿಂದ ವಯಸ್ಸನ್ನು ಕಳೆದು ನಿಮಿಷದ ಗರಿಷ್ಠ ಹೃದಯಬಡಿತವನ್ನು ಅಂದಾಜಿಸುವ ದೊಡ್ಡವರ ಸೂತ್ರ ಮಕ್ಕಳಿಗೆ ಹೊಂದುವುದಿಲ್ಲ. ಓಡುತ್ತ ಮಾತನಾಡಬಲ್ಲುದಾದರೆ ಶ್ರಮ ಮಧ್ಯಮ, ಒಂದೆರಡು ಪದಕ್ಕೇ ಉಸಿರು ಕಟ್ಟುತ್ತಿದ್ದರೆ ತೀವ್ರ. ಬಿಸಿಲಿನಲ್ಲಿ ನೆರಳನ್ನೂ ನೀರನ್ನೂ ಆಗಾಗ ಒದಗಿಸಬೇಕು.

ಎಂಜಲಿನ ಪರೀಕ್ಷೆಯಿಂದ ಮಗುವಿಗೆ ತಕ್ಕ ಕ್ರೀಡೆಯನ್ನು ಹೇಳುತ್ತೇವೆ ಎನ್ನುವ ವಂಶವಾಹಿ ತಪಾಸಣೆಗಳಿಗೆ ಹಣ ಸುರಿಯಬೇಡಿ. ಅಂಥ ಭವಿಷ್ಯ ನುಡಿಯಲು ಇಂದಿನ ವಿಜ್ಞಾನಕ್ಕೆ ಸಾಧ್ಯವಿಲ್ಲ. 15–16 ವಯಸ್ಸಿನವರೆಗೆ ಹಲವು ಆಟಗಳನ್ನು ಆಡಲು ಬಿಡಬೇಕು. ಸಂಘಟಿತ ತರಬೇತಿಯ ವಾರದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರದಿರಲಿ, ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವಿರಲಿ.

ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ಒತ್ತಿದರೆ ನೋವಾಗುತ್ತಿದ್ದರೆ, ಬೆಳೆಯುತ್ತಿರುವ ಮೂಳೆಯನ್ನು ಸ್ನಾಯುರಜ್ಜು ಅತಿಯಾಗಿ ಎಳೆಯುತ್ತಿರಬಹುದು. ಓಟ ಮತ್ತು ಜಿಗಿತವನ್ನು ಕಡಿಮೆ ಮಾಡಿ ವೈದ್ಯರಿಗೆ ತೋರಿಸಬೇಕು. ಕುಂಟುವಿಕೆ, ರಾತ್ರಿ ಎಚ್ಚರಿಸುವ ನೋವು, ಕೀಲಿನ ಊತ ಇದ್ದರೆ, ಅಥವಾ ಶ್ರಮಪಡುವಾಗ ತಲೆಸುತ್ತು, ಎದೆನೋವು ಕಾಣಿಸಿದರೆ, ತರಬೇತಿಯನ್ನು ಅಂದೇ ನಿಲ್ಲಿಸಿ ವೈದ್ಯರ ಒಪ್ಪಿಗೆ ಸಿಗುವವರೆಗೆ ಮತ್ತೆ ಆರಂಭಿಸಬಾರದು.