ಯುದ್ಧಕೈದಿಯಾಗಿದ್ದ ಹಿರಿಯರ ಜಾಡು ಹಿಡಿಯುವ ಬಗೆ

ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು ಊರಿಗೆ ಮರಳದ ಹಿರಿಯರೊಬ್ಬರ ಗತಿ ಏನಾಯಿತೆಂದು ತಿಳಿಯಬಯಸುವ ಪುಣೆಯ ಕನ್ನಡಿಗರು ಮೊದಲು ಖಡಕಿಯ ಯುದ್ಧ ಸ್ಮಶಾನಕ್ಕೆ ಹೋಗಿ ಕಲ್ಲುಗಳ ಮೇಲೆ ಹೆಸರು ಹುಡುಕುವುದುಂಟು. ಅಜ್ಜನ ತಮ್ಮನಿಗಾಗಿ ನಾನೂ ಹಾಗೆ ಒಂದು ಭಾನುವಾರ ಕಳೆದೆ. ಆದರೆ ಸಿಂಗಪುರದ ಕಡೆ ಸೆರೆಯಲ್ಲಿ ಸತ್ತು, ಸಮಾಧಿಯೇ ಗೊತ್ತಿಲ್ಲದವರ ಹೆಸರನ್ನು ಅಲ್ಲಿನ ಕ್ರಾಂಜಿಯ ಸ್ಮಾರಕದಲ್ಲಿ, 24 ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ಹುಡುಕಬೇಕು.

ಹುಡುಕಾಟ ಮನೆಯ ಟ್ರಂಕಿನಿಂದಲೇ ಶುರುವಾಗಲಿ. ನಿಮಗೆ ಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಸೈನಿಕನ ನಂಬರು ಮತ್ತು ಪಲ್ಟನ್ನು. ಪದಕವಿದ್ದರೆ ಅದರ ಅಂಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ. ಭಾರತೀಯ ಸೈನಿಕರ ಪದಕಗಳಲ್ಲಿ ಈ ವಿವರ ಸಣ್ಣ ಅಕ್ಷರಗಳಲ್ಲಿ ಕೊರೆದಿರುತ್ತದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಸತ್ತವರ ಹೆಸರು ಹುಡುಕುವಾಗ ತಂದೆಯ ಹೆಸರು, ಊರಿನ ಹೆಸರುಗಳನ್ನೂ ಹಾಕಿ ನೋಡಿ. ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದವರು, ಆದ್ದರಿಂದ ಒಂದೇ ಕಾಗುಣಿತ ನಂಬಿ ಕೂರಬೇಡಿ. ಗದಗ, ಹಾವೇರಿಯವರು ಅಂದಿನ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿಯೂ, ಬಾಗಲಕೋಟೆಯವರು ಬಿಜಾಪುರ ಜಿಲ್ಲೆಯಲ್ಲಿಯೂ ಸಿಗುತ್ತಾರೆ.

ಯಾರ ಕೈಗೆ ಸೆರೆಸಿಕ್ಕರು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. 1929ರ ಜಿನೀವಾ ಒಪ್ಪಂದದ ಪ್ರಕಾರ, ಶಿಬಿರ ಸೇರಿದ ಒಂದು ವಾರದೊಳಗೆ ಕೈದಿಗೆ ಮನೆಗೊಂದು ಕಾರ್ಡು ಬರೆಯಲು ಅವಕಾಶ ಕೊಡಬೇಕಿತ್ತು. ಉತ್ತರ ಆಫ್ರಿಕಾದಲ್ಲಿ ಸಿಕ್ಕು ಇಟಲಿ, ಜರ್ಮನಿಗೆ ಹೋದವರ ಮನೆಗಳಲ್ಲಿ ಅಂಥ ಕಾರ್ಡು ಉಳಿದಿರುವ ಸಾಧ್ಯತೆ ಹೆಚ್ಚು. ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿತ್ತಾದರೂ ಅನುಮೋದಿಸಿರಲಿಲ್ಲ, ಹೀಗಾಗಿ 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದ ಮೇಲೆ ಅನೇಕ ಮನೆಗಳಿಗೆ ಬಂದದ್ದು ಸರಕಾರದ ‘ಕಾಣೆಯಾಗಿದ್ದಾರೆ’ ಎಂಬ ಒಂದು ಸಾಲು ಮಾತ್ರ. ಅದನ್ನು ಮರಣಪತ್ರವೆಂದು ಓದಬೇಡಿ. ಜಿನೀವಾದ ರೆಡ್‌ಕ್ರಾಸ್ ದಫ್ತರಖಾನೆಯಲ್ಲಿ ಮೊದಲ ಯುದ್ಧದ ಕೈದಿಗಳ ಕಾರ್ಡುಗಳನ್ನು ಅಂತರಜಾಲದಲ್ಲೇ ನೋಡಬಹುದು. ಎರಡನೆಯದಕ್ಕೆ ಅರ್ಜಿ ಬೇಕು, ಅದನ್ನೂ ವರ್ಷದ ಕೆಲವು ದಿನಗಳಲ್ಲಷ್ಟೇ, ಮಿತ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತಾರೆ.

ಮರಳಿ ಬಂದವರ ಕಾಗದದಲ್ಲಿ ಸೈನ್ಯದಿಂದ ತೆಗೆದುಹಾಕಿದ್ದಾಗಿ ಬರೆದಿದ್ದರೆ ಗಾಬರಿ ಬೇಡ. ಆಜಾದ್ ಹಿಂದ್ ಫೌಜು ಸೇರಿದ್ದ ಕೈದಿಗಳನ್ನು ಯುದ್ಧ ಮುಗಿದ ಮೇಲೆ ಬ್ರಿಟಿಷರು ವಿಚಾರಿಸಿ, ತಮಗೆ ಎಷ್ಟು ನಿಷ್ಠರೆಂದು ನೋಡಿ ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿದರು. ‘ಕಪ್ಪು’ ಎನಿಸಿಕೊಂಡವರು ಕೆಲಸದ ಜೊತೆಗೆ ಸೆರೆಯಲ್ಲಿದ್ದ ವರ್ಷಗಳ ಸಂಬಳವನ್ನೂ ಕಳೆದುಕೊಂಡರು. ನಮ್ಮ ಸಣ್ಣಜ್ಜನ ಕಾಗದದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದ ಆ ಒಂದು ಪದವನ್ನು ನಾವು ವರ್ಷಗಟ್ಟಲೆ ಅವರ ಮೈಬಣ್ಣವೆಂದೇ ತಿಳಿದಿದ್ದೆವು.